ಅಪ್ಪನನ್ನೂ ಮಾತಾಡಿಸಿ

ಮೊದಲ ಸಲ ಅಪ್ಪನಾಗುವವನಿಗೆ ಮೊಬೈಲ್ ಸಂದೇಶ ಕಳಿಸಿ ಧೈರ್ಯ ತುಂಬುವ ಯೋಜನೆಯೊಂದಿದೆ ಎಂದರೆ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಹೆರುವವಳು ಅವಳು, ಇವನಿಗೇನು ಕಷ್ಟ?’ ಎಂಬುದು ಒಂದು. ‘ಗಂಡಸರು ಅದನ್ನೆಲ್ಲ ಎಲ್ಲಿ ಓದುತ್ತಾರೆ?’ ಎಂಬುದು ಇನ್ನೊಂದು. ಆತನಿಗೆ ನೆರವು ಬೇಡ ಎನ್ನುತ್ತದೆ ಮೊದಲನೆಯದು, ಕೊಟ್ಟರೂ ದಂಡ ಎನ್ನುತ್ತದೆ ಎರಡನೆಯದು. ಮನೆಯ ಹಿರಿಯರಿಂದ ಹಿಡಿದು ಆರೋಗ್ಯ ಯೋಜನೆ ಬರೆಯುವವರ ತನಕ ಎಲ್ಲರೂ ಒಪ್ಪಿಕೊಂಡಂತಿರುವ ಈ ಎರಡೂ ಮಾತು ತಪ್ಪು. ಆ ತಪ್ಪಿಗೆ ಅಪ್ಪ ಒಬ್ಬನೇ ಅಲ್ಲ, ಬಾಣಂತಿ ಮತ್ತು ಕೂಸು ಕೂಡ ಬೆಲೆ ತೆರುತ್ತಾರೆ.

ಯೋಜನೆ ಆಸ್ಟ್ರೇಲಿಯಾದ್ದು. ನ್ಯೂ ಸೌತ್ ವೇಲ್ಸ್‌ನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಫ್ಲೆಚರ್ ಮತ್ತು ಸಂಗಡಿಗರು ರೂಪಿಸಿದ ‘ಎಸ್‌ಎಂಎಸ್ ಫಾರ್ ಡ್ಯಾಡ್ಸ್’. ಹೆಂಡತಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಹೆಸರು ನೋಂದಾಯಿಸಿದರೆ, ಮಗುವಿನ ಮೊದಲ ಹುಟ್ಟುಹಬ್ಬದವರೆಗೆ ವಾರಕ್ಕೆ ಸುಮಾರು ಮೂರು ಸಂದೇಶ ಬರುತ್ತವೆ. ದುಡ್ಡು ಕೊಡಬೇಕಿಲ್ಲ. ಒಂದೊಂದು ಸಂದೇಶವೂ ಎರಡು ಮೂರು ಸಾಲಿನದು. ಗರ್ಭದ ವಾರಕ್ಕೆ, ಕೂಸಿನ ವಯಸ್ಸಿಗೆ ಹೊಂದಿಸಿ ಬರೆದದ್ದು. ಹಲವು ಸಂದೇಶಗಳಲ್ಲಿ ಕೂಸೇ ಅಪ್ಪನೊಡನೆ ಮಾತಾಡುತ್ತದೆ. ಕೆಲವು ವಾರಗಳಿಗೊಮ್ಮೆ ‘ನೀವು ಹೇಗಿದ್ದೀರಿ?’ ಎಂಬ ಪ್ರಶ್ನೆ ಬರುತ್ತದೆ. ಚೆನ್ನಾಗಿಲ್ಲ ಎಂದು ಉತ್ತರಿಸಿದವನಿಗೆ ಆಪ್ತಸಮಾಲೋಚಕರೊಬ್ಬರಿಂದ ಕರೆ ಬರುವ ಏರ್ಪಾಡಿದೆ. ಅಲ್ಲಿನ ಮೂಲನಿವಾಸಿ ಅಪ್ಪಂದಿರಿಗಾಗಿ ಬೇರೆಯೇ ಸಂದೇಶಗಳನ್ನು ರೂಪಿಸಿದ್ದಾರೆ.

ಇವನಿಗೇನು ಕಷ್ಟ ಎಂಬ ಮಾತಿಗೆ ವೈದ್ಯಕೀಯ ಲೋಕ ಉತ್ತರ ಕೊಟ್ಟು ವರ್ಷಗಳೇ ಆದವು. 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪೌಲ್ಸನ್ ಮತ್ತು ಬೇಝ್‌ಮೋರ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಹೆಂಡತಿ ಗರ್ಭಿಣಿಯಾದಾಗಿನಿಂದ ಮಗುವಿಗೆ ಒಂದು ವರ್ಷ ತುಂಬುವವರೆಗಿನ ಅವಧಿಯಲ್ಲಿ ಸುಮಾರು ಶೇ. 10ರಷ್ಟು ಅಪ್ಪಂದಿರಲ್ಲಿ ಖಿನ್ನತೆ ಕಂಡಿತು. ಕೂಸಿಗೆ ಮೂರರಿಂದ ಆರು ತಿಂಗಳಾಗಿರುವಾಗ ಅದು ಎಲ್ಲಕ್ಕಿಂತ ಹೆಚ್ಚು. ತಾಯಿಯ ಖಿನ್ನತೆಗೂ ತಂದೆಯ ಖಿನ್ನತೆಗೂ ನಂಟಿರುವುದನ್ನೂ ಅವರು ತೋರಿಸಿದರು. ಅದಕ್ಕೂ ಮೊದಲು, 2005ರಲ್ಲಿ, ಇಂಗ್ಲೆಂಡಿನ ಏವನ್ ಪ್ರದೇಶದ ಸಾವಿರಾರು ಮಕ್ಕಳನ್ನು ಗಮನಿಸಿದ ರಾಮ್‌ಚಂದಾನಿ ಮತ್ತು ಸಂಗಡಿಗರು, ಹೆರಿಗೆಯ ನಂತರ ತಂದೆ ಖಿನ್ನನಾಗಿದ್ದ ಮನೆಗಳ ಮಕ್ಕಳಲ್ಲಿ ಮೂರೂವರೆ ವರ್ಷದ ಹೊತ್ತಿಗೆ ನಡವಳಿಕೆಯ ತೊಂದರೆಗಳು ಹೆಚ್ಚೆಂದು ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ತಾಯಿಯ ಖಿನ್ನತೆಯ ಪಾಲನ್ನು ಲೆಕ್ಕದಿಂದ ತೆಗೆದ ಮೇಲೂ ಆ ನಂಟು ಉಳಿದಿತ್ತು.

ತಾಯ್ತನ ಒಡಲಿನದು, ತಂದೆತನ ಬರೀ ಜವಾಬ್ದಾರಿ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಫಿಲಿಪೀನ್ಸ್‌ನ ಸೆಬು ನಗರದ ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅಪ್ಪಂದಿರಾದವರಲ್ಲಿ ಟೆಸ್ಟೋಸ್ಟೆರಾನ್ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದರ ಮಟ್ಟ ಇನ್ನೂ ಕಡಿಮೆ ಇತ್ತು. ಕೂಸನ್ನು ಎತ್ತಿ ಆಡಿಸುವ ಗಂಡಸಿನ ಮೈಯೂ ಬದಲಾಗುತ್ತದೆ. ಇಂಥವನನ್ನು ‘ನೆರವಿಗೆ ಬರುವವನು’ ಎಂದಷ್ಟೇ ಕರೆಯುವುದು ಅನ್ಯಾಯ.

ಇನ್ನು ಗಂಡಸರು ಓದುವುದಿಲ್ಲ ಎಂಬ ಮಾತು. 2017ರಲ್ಲಿ ಪ್ರಕಟವಾದ ನ್ಯೂಕ್ಯಾಸಲ್ ತಂಡದ ಪ್ರಾಯೋಗಿಕ ಅಧ್ಯಯನದಲ್ಲಿ 500ಕ್ಕೂ ಹೆಚ್ಚು ಅಪ್ಪಂದಿರು ಸೇರಿದ್ದರು. ನಡುವೆ ಕೈಬಿಟ್ಟವರು ಸ್ವಲ್ಪವೇ ಮಂದಿ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಆಸ್ಪತ್ರೆಯ ತರಗತಿಗೆ ಹೋಗಲು ರಜೆ ಬೇಕು, ಹತ್ತು ಹೆಂಗಸರ ನಡುವೆ ಒಬ್ಬನೇ ಕೂರುವ ಧೈರ್ಯ ಬೇಕು, ‘ನನಗೆ ಗೊತ್ತಿಲ್ಲ’ ಎಂದು ಎಲ್ಲರೆದುರು ಒಪ್ಪಿಕೊಳ್ಳುವ ಮನಸ್ಸು ಬೇಕು. ಸಂದೇಶ ಇದ್ಯಾವುದನ್ನೂ ಕೇಳುವುದಿಲ್ಲ. ರಾತ್ರಿ ಪಾಳಿಯ ನಡುವೆ, ಬಸ್ಸಿನಲ್ಲಿ, ಯಾರಿಗೂ ಕಾಣದಂತೆ ಓದಿಕೊಳ್ಳಬಹುದು. ಹುಡುಗನಾಗಿದ್ದಾಗಿನಿಂದ ಅಳಬೇಡ ಎಂದು ಹೇಳಿಸಿಕೊಂಡು ಬೆಳೆದವನಿಗೆ ಈ ಏಕಾಂತ ಸಣ್ಣ ಸೌಕರ್ಯವಲ್ಲ.

ಹಾಗೆಂದು ಈ ಯೋಜನೆಯನ್ನು ಕಣ್ಣುಮುಚ್ಚಿ ಹೊಗಳುವವರ ಸಾಲಿಗೂ ನಾನು ಸೇರುವುದಿಲ್ಲ. ತಾನಾಗಿ ಹೆಸರು ನೋಂದಾಯಿಸುವವನು ಆಗಲೇ ಅರ್ಧ ದಾರಿ ನಡೆದಿರುತ್ತಾನೆ. ಹೆಚ್ಚು ಕುಡಿಯುವವನು, ಹೆಂಡತಿಯ ಮೇಲೆ ಕೈಮಾಡುವವನು, ಮಗು ಬೇಡವಾಗಿದ್ದವನು ನೋಂದಾಯಿಸುವುದು ಅಪರೂಪ. ಸಂದೇಶ ಇಷ್ಟವಾಯಿತು ಎಂದು ಅಪ್ಪಂದಿರು ಸಮೀಕ್ಷೆಯಲ್ಲಿ ಹೇಳುವುದು ಬೇರೆ, ಅವರ ಮನಸ್ಸಿನ ಭಾರ ಇಳಿಯುವುದು ಬೇರೆ. ಇಷ್ಟಪಟ್ಟವರ ಸಂಖ್ಯೆಯನ್ನೇ ಯಶಸ್ಸೆಂದು ತೋರಿಸುವ ಚಾಳಿ ಮೊಬೈಲ್ ಆರೋಗ್ಯ ಯೋಜನೆಗಳಿಗೆ ಎಲ್ಲ ಕಡೆಯೂ ಅಂಟಿಕೊಂಡಿದೆ. ನನ್ನ ಮಟ್ಟಿಗೆ ಈ ಯೋಜನೆಯ ಜೀವಾಳ ವಾರಕ್ಕೆ ಮೂರು ಬಾರಿ ಬರುವ ಸಲಹೆಯಲ್ಲಿಲ್ಲ, ಆಗಾಗ ಬರುವ ಆ ಒಂದು ಪ್ರಶ್ನೆಯಲ್ಲಿದೆ ಮತ್ತು ಉತ್ತರ ಬಂದಾಗ ಎದ್ದು ಕರೆ ಮಾಡುವ ಮನುಷ್ಯನಲ್ಲಿದೆ. ಆ ಮನುಷ್ಯನನ್ನು ತೆಗೆದುಬಿಟ್ಟರೆ ಉಳಿಯುವುದು ಜಾಹೀರಾತಿನಂಥ ಸಂದೇಶಗಳು ಮಾತ್ರ.

ನಮ್ಮ ದೇಶದ ಕಡೆ ತಿರುಗಿದರೆ ಚಿತ್ರ ಬೇರೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ವಾರಕ್ಕೊಮ್ಮೆ ಧ್ವನಿ ಸಂದೇಶ ಕೇಳಿಸುವ ‘ಕಿಲ್ಕಾರಿ’ ಬಿಹಾರದಲ್ಲಿ ಮೊದಲಾಗಿ, 2016ರಿಂದ ಕೇಂದ್ರ ಸರ್ಕಾರದ ಯೋಜನೆಯಾಗಿ ರಾಜ್ಯದಿಂದ ರಾಜ್ಯಕ್ಕೆ ಹಬ್ಬಿದೆ. ಗರ್ಭದ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ಒಟ್ಟು 72 ಕರೆಗಳು. ಮುಂಬೈಯ ಅರ್ಮಾನ್ ಸಂಸ್ಥೆಯ ‘ಎಂಮಿತ್ರ’ ಕೂಡ ಇದೇ ಬಗೆಯದು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಆ ಫೋನು ಯಾರದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಸುಮಾರು ಶೇ. 54. ಹಾಗಾಗಿ ತಾಯಿಗೆಂದು ಹೊರಟ ಕರೆ ಎಷ್ಟೋ ಮನೆಗಳಲ್ಲಿ ಗಂಡನ ಜೇಬಿನಲ್ಲಿ ರಿಂಗಣಿಸುತ್ತದೆ. ಹೊಲದಲ್ಲೋ ಕಾರ್ಖಾನೆಯಲ್ಲೋ ಇರುವ ಆತ ಎತ್ತಿ ಕಿವಿಗಿಟ್ಟರೆ ಅಲ್ಲಿನ ಮಾತು ಆತನ ಹೆಂಡತಿಗೆ. ತಂದೆಯ ಕೈಗೆ ತಲುಪಿದ ಕರೆಯಲ್ಲೂ ತಂದೆಯನ್ನು ಮಾತಾಡಿಸದ ವ್ಯವಸ್ಥೆ ಇದು. ಆತನನ್ನು ಅಂಚೆಯವನಾಗಿ ಬಳಸಿಕೊಂಡು, ಆಮೇಲೆ ಗಂಡಸರಿಗೆ ಆಸಕ್ತಿಯಿಲ್ಲ ಎಂದು ದೂರುತ್ತೇವೆ.

ಆಸ್ಪತ್ರೆಯಲ್ಲೂ ಇದೇ ಕಥೆ. ದುಡ್ಡು ಕಟ್ಟಲು, ಸಹಿ ಹಾಕಲು, ರಕ್ತ ಹೊಂದಿಸಲು, ಆಟೊ ತರಲು ಅಪ್ಪ ಬೇಕು. ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ, ಹೆರಿಗೆ ವಾರ್ಡಿನ ಬಾಗಿಲಲ್ಲಿ ಆತ ಹೊರಗಿನವನು. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದು ಎಂದು 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದಾಗಲೂ ಆ ಜಾಗ ಮೊದಲಿಗೆ ಹೆಂಗಸರಿಗೆ. ಮರೆಯ ವ್ಯವಸ್ಥೆ ಇರುವ ಕಡೆ ಮಾತ್ರ ಗಂಡನನ್ನು ಬಿಡಬಹುದು. ಒಂದೇ ಕೋಣೆಯಲ್ಲಿ ಹಲವರು ಹೆರುವ ಆಸ್ಪತ್ರೆಗಳಲ್ಲಿ ಈ ನಿಯಮಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಹೊರಗೆ ಕಾಯುತ್ತಿರುವವನಿಗೆ ಒಳಗೆ ಏನು ನಡೆಯುತ್ತಿದೆ ಎಂದು ಹೇಳದಿರಲು ಯಾವ ಕಾರಣವೂ ಇಲ್ಲ.

ಕರ್ನಾಟಕದ ಮಟ್ಟಿಗೆ ಈ ವಿಚಾರಕ್ಕೆ ಇನ್ನೊಂದು ಮುಖವಿದೆ. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಬಾಣಂತನ ಮುಗಿಸಿ ಮರಳುವುದು ಕೂಸಿಗೆ ಮೂರೋ ಐದೋ ತಿಂಗಳಾದ ಮೇಲೆ. ಎಣ್ಣೆನೀರು, ಪಥ್ಯ, ಅವ್ವನ ಆರೈಕೆ, ಕಣ್ತುಂಬ ನಿದ್ದೆ ಹೆತ್ತವಳ ಹಕ್ಕು. ಅದನ್ನು ಯಾರೂ ಕಸಿಯಬಾರದು. ಆದರೆ ಆ ತಿಂಗಳುಗಳಲ್ಲಿ ಹೆಂಡತಿ ಹಾವೇರಿಯಲ್ಲಿ, ಗಂಡ ಬೆಂಗಳೂರಿನ ಪೀಣ್ಯದಲ್ಲಿ. ಭಾನುವಾರಕ್ಕೆ ಬಂದು ಕೂಸಿನ ಮುಖ ನೋಡಿ ರಾತ್ರಿಯ ಬಸ್ಸು ಹತ್ತುವವನಿಗೆ ಲಂಗೋಟಿ ಕಟ್ಟಲು, ತೇಗಿಸಲು, ಅಳುವ ಬಗೆಬಗೆಯನ್ನು ಗುರುತಿಸಲು ಕಲಿಸುವವರು ಯಾರು? ಆಮೇಲೊಂದು ದಿನ ತಾಯಿ ಮಗು ಇಬ್ಬರೂ ಬಾಡಿಗೆ ಮನೆಗೆ ಬರುತ್ತಾರೆ. ಅಜ್ಜಿ ತಿರುಗಿ ಊರಿಗೆ ಹೋಗುತ್ತಾಳೆ. ಅಧ್ಯಯನಗಳು ಅಪ್ಪಂದಿರ ಖಿನ್ನತೆ ಹೆಚ್ಚೆಂದು ಗುರುತಿಸಿದ ಮೂರರಿಂದ ಆರನೇ ತಿಂಗಳು, ನಮ್ಮಲ್ಲಿ ಮನೆಯ ಆಸರೆ ಥಟ್ಟನೆ ಕಳಚುವ ಕಾಲವೂ ಹೌದು. ಆ ಅಂಕಿ ಅಂಶ ಬೇರೆ ದೇಶಗಳದು, ಆದರೆ ನಮ್ಮ ಪದ್ಧತಿ ಈ ಅವಧಿಯನ್ನು ಇನ್ನಷ್ಟು ಬಿಗಿಯಾಗಿಸುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗಾಗಿ ಸಂದೇಶದ ದಾರಿ ನಮಗೆ ಆಸ್ಟ್ರೇಲಿಯಾದವರಿಗಿಂತ ಹೆಚ್ಚು ಹೊಂದುತ್ತದೆ. ಊರಲ್ಲೇ ಇಲ್ಲದ ಅಪ್ಪನನ್ನು ತರಗತಿಗೆ ಕರೆಯಲಾಗದು, ಫೋನಿನಲ್ಲಿ ಮಾತಾಡಿಸಬಹುದು. ಏಳನೇ ತಿಂಗಳಲ್ಲಿ, ‘ಅಪ್ಪಾ, ನಿನ್ನ ದನಿ ಈಗ ನನಗೆ ಕೇಳಿಸುತ್ತೆ, ಅಮ್ಮನಿಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿಸು’ ಎಂದು ಬರಲಿ. ಹೆರಿಗೆಗೆ ಮುನ್ನ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ರಕ್ತ ಹೋದರೆ ಕಾಯದೆ 108ಕ್ಕೆ ಕರೆ ಮಾಡಿ ಎಂದು ಬರಲಿ. ಬಾಣಂತಿ ಮರಳುವ ವಾರ, ರಾತ್ರಿ ಯಾವ ಹೊತ್ತಿನ ಅಳು ನಿಮ್ಮ ಪಾಲಿಗೆ ಎಂದು ಇಬ್ಬರೂ ಕೂತು ಹಂಚಿಕೊಳ್ಳಿ ಎಂದು ಬರಲಿ. ಆರು ವಾರಕ್ಕೊಮ್ಮೆಯಾದರೂ ‘ನಿಮಗೆ ನಿದ್ದೆ ಬರುತ್ತಿದೆಯೇ?’ ಎಂದು ಯಾರಾದರೂ ಕೇಳಲಿ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ. ಹೆತ್ತವಳಿಗೇ ಸರಿಯಾದ ಆರೈಕೆ ಸಿಗದ ನಾಡಿನಲ್ಲಿ ಗಂಡಸಿನ ಮನಸ್ಸಿಗೆ ದುಡ್ಡು ಸುರಿಯಬೇಕೆ ಎಂದು ಹೆಣ್ಣುಮಕ್ಕಳ ಪರವಾಗಿ ದುಡಿಯುವವರು ಕೇಳುತ್ತಾರೆ. ಪ್ರಶ್ನೆಯ ಹಿಂದಿನ ಸಿಟ್ಟು ನ್ಯಾಯವಾದದ್ದು. ಆಶಾ ಕಾರ್ಯಕರ್ತೆಯ ಗೌರವಧನದಿಂದಲೋ ತಾಯಿಯ ರಕ್ತಹೀನತೆಯ ಮಾತ್ರೆಯಿಂದಲೋ ಒಂದು ರೂಪಾಯಿ ಕಡಿದು ಇದಕ್ಕೆ ಹಾಕುವುದಾದರೆ ನಾನೂ ವಿರೋಧಿಸುತ್ತೇನೆ. ಆದರೆ ಒಬ್ಬರ ನೆಮ್ಮದಿ ಇನ್ನೊಬ್ಬರ ನಷ್ಟ ಎಂಬ ಲೆಕ್ಕ ಈ ಮನೆಯಲ್ಲಿ ನಡೆಯುವುದಿಲ್ಲ. ಖಿನ್ನನಾದ ಗಂಡನ ಸಿಡುಕು, ಕುಡಿತ, ಮೌನ ಮೊದಲು ಬೀಳುವುದು ಬಾಣಂತಿಯ ಮೇಲೆ. ನಿಜವಾದ ಅಪಾಯ ಬೇರೆ ಇದೆ: ಹೆಂಡತಿಯ ಮೇಲೆ ಕಣ್ಣಿಡಲು ಗಂಡನಿಗೆ ಕೊಟ್ಟ ಉಪಕರಣವಾಗಿ ಇದು ಮಾರ್ಪಡಬಹುದು. ‘ಮಾತ್ರೆ ನುಂಗಿದಳೇ ಕೇಳಿ, ಸರಿಯಾಗಿ ಉಂಡಳೇ ನೋಡಿ’ ಎಂಬ ಧಾಟಿ ಶುರುವಾದರೆ ಯಜಮಾನಿಕೆಗೆ ಇನ್ನೊಂದು ಆಯುಧ ಕೊಟ್ಟಂತೆ. ಆದ್ದರಿಂದ ತಂದೆಯ ನಂಬರನ್ನು ತಾಯಿಯ ಒಪ್ಪಿಗೆ ಕೇಳಿಯೇ ಪಡೆಯಬೇಕು. ಆಕೆಯ ತಪಾಸಣೆಯ ಒಂದು ವಿವರವೂ ಆತನ ಫೋನಿಗೆ ಹೋಗಬಾರದು. ಆತನಿಗೆ ಹೋಗುವ ಪ್ರತಿ ಮಾತೂ ಆತನೇ ಮಾಡಬೇಕಾದ ಕೆಲಸದ ಕುರಿತಾಗಿರಬೇಕು.

ಸಂದೇಶ ಅಗ್ಗ ಎಂಬುದೂ ಒಂದು ಅಪಾಯವೇ. ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆ ಇದೆ. ಖಾಸಗಿ ಕಾರ್ಖಾನೆಯವನಿಗೆ, ಡೆಲಿವರಿ ಹುಡುಗನಿಗೆ, ಗಾರೆ ಕೆಲಸದವನಿಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ತಾಯಂದಿರ ರಜೆ 2017ರಲ್ಲಿ 26 ವಾರಕ್ಕೆ ಏರಿತು. ಅದೇ ವರ್ಷ ಸಂಸದ ರಾಜೀವ್ ಸಾತವ್ ಲೋಕಸಭೆಯಲ್ಲಿ ಮಂಡಿಸಿದ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಸಂದೇಶ ಕಳಿಸಿದ್ದೇವೆ ಎಂದು ಹೇಳಿಕೊಂಡು ರಜೆಯ ಮಾತನ್ನು ಮುಂದೂಡುವ ಸರ್ಕಾರ ಅಪ್ಪಂದಿರಿಗೆ ಮೋಸ ಮಾಡುತ್ತದೆ. ‘ಕೂಸನ್ನು ಎದೆಗಪ್ಪಿಕೊಳ್ಳಿ’ ಎಂಬ ಸಂದೇಶ ಓದಲು ಬಿಡುವು ಸಿಕ್ಕಿ, ಅಪ್ಪಿಕೊಳ್ಳಲು ಸಿಗದಿದ್ದರೆ ಏನು ಬಂತು?

ಮಾಡಬೇಕಾದದ್ದು ದೊಡ್ಡದೇನಲ್ಲ. ಗರ್ಭಿಣಿ ತಾಯಿ ಕಾರ್ಡ್ ಮಾಡಿಸುವ ದಿನವೇ ಆಕೆಯ ಒಪ್ಪಿಗೆಯಿದ್ದರೆ ಗಂಡನ ನಂಬರನ್ನೂ ಬರೆದುಕೊಳ್ಳಬೇಕು. ಸಂದೇಶಗಳನ್ನು ಇಂಗ್ಲಿಷಿನಿಂದ ಇಳಿಸದೆ, ಕಲಬುರಗಿಯವನಿಗೂ ಕುಂದಾಪುರದವನಿಗೂ ತನ್ನ ಮನೆಯ ಮಾತೆನಿಸುವಂತೆ, ಆಗಷ್ಟೇ ಅಪ್ಪಂದಿರಾದವರನ್ನೇ ಕೂರಿಸಿ ಬರೆಸಬೇಕು. ಓದಲು ಬಾರದವನಿಗೆ ಧ್ವನಿಯಲ್ಲಿ ಕೇಳಿಸಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಮಾನಸಿಕ ಆರೋಗ್ಯ ಸಹಾಯವಾಣಿ ಕನ್ನಡದಲ್ಲೂ ಮಾತಾಡುತ್ತದೆ. ಅದಕ್ಕೆ ಬೆನ್ನೆಲುಬಾಗಿ ನಿಂತಿರುವ ನಿಮ್ಹಾನ್ಸ್ ನಮ್ಮ ಬೆಂಗಳೂರಲ್ಲೇ ಇದೆ. ‘ಚೆನ್ನಾಗಿಲ್ಲ’ ಎಂದ ಅಪ್ಪನಿಗೆ ಅಲ್ಲಿಂದ ಮರಳಿ ಕರೆ ಹೋಗುವ ಏರ್ಪಾಡು ಇಲ್ಲದೆ ಯೋಜನೆ ಶುರುಮಾಡಲೇಬಾರದು. ಒಂದು ಜಿಲ್ಲೆಯಲ್ಲಿ ಒಂದು ವರ್ಷ ನಡೆಸಿ, ಎಷ್ಟು ಸಂದೇಶ ಹೋಯಿತು ಎಂಬುದನ್ನು ಬಿಟ್ಟು, ಎಷ್ಟು ಮಂದಿ ಬಾಣಂತಿಯರು ತಮ್ಮ ರಾತ್ರಿ ಹಗುರವಾಯಿತು ಎಂದು ಹೇಳಿದರು ಎಂದು ಎಣಿಸಲಿ. ಅಪ್ಪಂದಿರಿಗೆ ಕೊಟ್ಟ ನೆರವು ಫಲಿಸಿತೋ ಇಲ್ಲವೋ ಎಂದು ತೀರ್ಪು ಕೊಡುವ ಹಕ್ಕು ಎಲ್ಲರಿಗಿಂತ ಮೊದಲು ಆ ತಾಯಂದಿರದು.