ಮೊಯ್ನಾ ಯಾಕೆ ಕೈಮುಗಿಯಬೇಕು?

ಮಕ್ಕಳಿಗೆ ದಯೆ ಕಲಿಸುವ ಚಿತ್ರಪುಸ್ತಕಗಳು ಈಗ ಹಳ್ಳಿ ಶಾಲೆಗೂ ಬರುತ್ತಿವೆ. ಬರಲಿ. ಆದರೆ ಪುಟ ತಿರುವಿದರೆ ಹೆಚ್ಚಾಗಿ ಅದೇ ಕತೆ: ಉಳ್ಳವರ ಮಗು ಕೊಡುತ್ತೆ, ಇಲ್ಲದವರ ಮಗು ಇಸ್ಕೊಳ್ಳುತ್ತೆ, ಕೊನೆಗೆ ಇಬ್ಬರೂ ನಗುತ್ತಾರೆ. ಇಸ್ಕೊಂಡ ಮಗುವಿನ ಬಾಯಲ್ಲಿ ಒಂದು ಮಾತೂ ಇರುವುದಿಲ್ಲ.

ಇಸ್ಕೊಂಡ ಮಕ್ಕಳು ನಾವು. ಯುಗಾದಿಯ ಮರುದಿನ ನಮ್ಮ ಮೇಷ್ಟ್ರು 'ಹಂಚಿ ತಿನ್ನಬೇಕು' ಎಂದು ಪಾಠ ಮಾಡಿದರು. ಊರಿನ ಮಕ್ಕಳು ತಮ್ಮ ಒಬ್ಬಟ್ಟನ್ನು ಮೇಲಿನಿಂದ ನಮ್ಮ ಕೈಗೆ ಹಾಕಿದರು. ನಮ್ಮವ್ವ ಸಾಲದ ಬೆಲ್ಲದಲ್ಲಿ ಮಾಡಿಕೊಟ್ಟ ಒಬ್ಬಟ್ಟು ಡಬ್ಬಿಯಲ್ಲೇ ವಾಪಸ್ಸು ಕೇರಿಗೆ ಬಂತು. ಪಾಠ ಚೆನ್ನಾಗಿ ನಡೀತು ಅಂತ ಮೇಷ್ಟ್ರಿಗೆ ಖುಷಿ.

ಆ ಡಬ್ಬಿಯ ನೆನಪಲ್ಲೇ ನಾವು ಮಹಾಶ್ವೇತಾ ದೇವಿಯವರ 'ದಿ ವೈ-ವೈ ಗರ್ಲ್' ಓದಿದೆವು. ಚೆನ್ನೈನ ತೂಲಿಕಾ 2003ರಲ್ಲಿ ತಂದ ಪುಸ್ತಕ. ಚಿತ್ರ ಕನ್ಯಿಕಾ ಕಿಣಿ ಅವರದು. ಮೊಯ್ನಾ ಶಬರರ ಹುಡುಗಿ. ಬಾಬುವಿನ ಆಡು ಕಾಯುತ್ತಾಳೆ, ಕೊಟ್ಟಿಗೆ ಬಳಿಯುತ್ತಾಳೆ. ಬಾಬು ಉಳಿದ ಅನ್ನ ಕೊಡುತ್ತಾನೆ. ಕೃತಜ್ಞತೆ ಯಾಕೆ ಹೇಳಲ್ಲ ಅಂದರೆ, ಅವನ ಇಷ್ಟು ಕೆಲಸ ನಾನು ಮಾಡ್ತೀನಲ್ಲ, ಅವನು ನನಗೆ ಹೇಳ್ತಾನಾ ಎಂಬುದು ಅವಳ ಪ್ರಶ್ನೆ. ಶಾಲೆ ಒಂಬತ್ತರಿಂದ ಹನ್ನೊಂದು. ಆ ಹೊತ್ತಲ್ಲಿ ಆಡು ಮೇಯಿಸುವ ನಾವು ಹೇಗೆ ಬರೋದು, ವೇಳೆ ಬದಲಿಸಿ ಅನ್ನುತ್ತಾಳೆ.

ಗೆಳೆಯರೆ, 'ಎಲ್ಲರನ್ನೂ ಸೇರಿಸಿಕೊಳ್ಳಿ' ಅನ್ನುವ ಪುಸ್ತಕಗಳು ಮಗುವನ್ನು ಶಾಲೆಗೆ ಕರೆಯುತ್ತವೆ. ಮೊಯ್ನಾ ಶಾಲೆಯ ಗಡಿಯಾರವನ್ನೇ ತಿರುಗಿಸು ಅನ್ನುತ್ತಾಳೆ. ಅಲ್ಲಿ ಬೇಡುವ ದನಿಯೇ ಇಲ್ಲ.

ಆದರೂ ನಮ್ಮದೊಂದು ತಕರಾರು ಇದೆ. ಮೊಯ್ನಾ ಓದಿ ಹದಿನೆಂಟಕ್ಕೆ ತಾನೇ ಪಾಠ ಹೇಳುತ್ತಾಳೆ. ಕತೆ ಗೆಲುವಾಗಿ ಮುಗಿಯುತ್ತೆ. ಬಾಬು ಮಾತ್ರ ಇದ್ದಲ್ಲೇ ಇದ್ದಾನೆ. ಬ್ರಿಟಿಷರು ಶಬರರಿಗೆ 'ಅಪರಾಧಿ ಬುಡಕಟ್ಟು' ಎಂಬ ಪಟ್ಟಿ ಹಚ್ಚಿದ್ದರು. ಆ ಕಾಯ್ದೆ 1952ರಲ್ಲಿ ಹೋಯಿತು, ಪಟ್ಟಿ ಹೋಗಲಿಲ್ಲ. 1998ರಲ್ಲಿ ಪುರುಲಿಯಾದ ಬುಧನ್ ಶಬರ ಪೊಲೀಸರ ಹೊಡೆತಕ್ಕೆ ಸತ್ತ. ಅವನಿಗಾಗಿ ಕೋರ್ಟಿಗೆ ಹೋದವರಲ್ಲಿ ಇದೇ ಮಹಾಶ್ವೇತಾ ದೇವಿ ಇದ್ದರು. ಒಬ್ಬಳು ಓದಿ ಮೇಲೆ ಬಂದಳು ಅಂತ ಪುಸ್ತಕ ಮುಚ್ಚಿದರೆ ಈ ಸಾವನ್ನು ಎಲ್ಲಿಡುವುದು?

ಇನ್ನೊಂದು ಮಾತು. ಮೊಯ್ನಾಳ 'ಯಾಕೆ'ಯನ್ನು ಬರೆದವರು ಅವಳ ಜೊತೆ ನಿಂತ ದೊಡ್ಡ ಜೀವ, ಒಪ್ಪುತ್ತೇವೆ. ಆದರೆ ಮೊಯ್ನಾಳೇ ಬರೆದಿದ್ದರೆ ಇನ್ನೂ ಯಾವ ಯಾವ 'ಯಾಕೆ' ಇರುತ್ತಿತ್ತೋ! ನಮ್ಮ ಕೇರಿಯ ಕೂಸುಗಳಿಗೆ ಪುಸ್ತಕ ಬರೆಯುವ ಕೆಲಸ ನಮ್ಮ ಮೇಲಿದೆ. ಕವಿತೆ ಬರೆದಷ್ಟೇ ಹಟದಿಂದ ಅದನ್ನೂ ಮಾಡಬೇಕು.

ಹಳ್ಳಿ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಹಂಚಿ ತಿನ್ನುವ ಪಾಠ ಮಾಡಿ. ಮಾಡಿದ ದಿನ ಯಾರ ಡಬ್ಬಿ ತುಂಬಿಕೊಂಡೇ ಮನೆಗೆ ಹೋಯಿತು ಅಂತ ನೋಡಿ. ಮೊದಲ ತುತ್ತು ಆ ಡಬ್ಬಿಯಿಂದ ನೀವೇ ಎತ್ತಿಕೊಳ್ಳಿ, ಎಲ್ಲ ಮಕ್ಕಳೂ ನೋಡುವ ಹಾಗೆ.