ಹುಬ್ಬಿಗೆ ಬೆಳಕು, ರಸ್ತೆಗೆ ಕತ್ತಲು

ಎಲೆಕ್ಟ್ರಿಕ್ ಕಾರಿನ ಮುಖವನ್ನು ನಮ್ಮ ವಾಹನ ವಿಮರ್ಶಕರು ಹೊಗಳಿದ್ದು ಸಾಕು. ಬಾನೆಟ್ಟಿನ ಅಂಚಿನಲ್ಲಿ ಈ ಕೊನೆಯಿಂದ ಆ ಕೊನೆಗೆ ಎಳೆದ ತೆಳುವಾದ ಬೆಳಕಿನ ಪಟ್ಟಿ, ಬಾಗಿಲ ಬೀಗ ತೆಗೆದೊಡನೆ ಅದರ ಮೇಲೆ ಹರಿದಾಡುವ ಮಿಂಚು: ಇವನ್ನು ಮೆಚ್ಚಿ ಪುಟ ತುಂಬಿಸುತ್ತಾರೆ. ಆದರೆ ಆ ಪಟ್ಟಿ ಹಗಲಲ್ಲಿ ಕಾರನ್ನು ಇತರರಿಗೆ ತೋರಿಸುವ ಗುರುತುದೀಪವೇ ಹೊರತು ರಸ್ತೆಗೆ ಬೆಳಕು ಚೆಲ್ಲುವುದಲ್ಲ. ದಾರಿ ತೋರಿಸಬೇಕಾದ ಹೆಡ್‌ಲೈಟನ್ನು ಅದಕ್ಕಾಗಿ ಕೆಳಗೆ, ಬಂಪರಿನೊಳಕ್ಕೆ ತಳ್ಳಿದ್ದಾರೆ. ರಾತ್ರಿ ಹೊತ್ತು ಊರದಾರಿಯಲ್ಲಿ, ಮಳೆಗಾಲದ ಘಾಟಿಯಲ್ಲಿ ಓಡಿಸುವವರ ಪಾಲಿಗೆ ಇಷ್ಟು ಕೀರ್ತಿ ಪಡೆದ ಈ ಮುಖ ಕೆಟ್ಟ ವಿನ್ಯಾಸ.

ಈ ಮಾದರಿಯನ್ನು ಹುಟ್ಟಿಸಿದ್ದು ಎಲೆಕ್ಟ್ರಿಕ್ ಕಾರುಗಳಲ್ಲ. ಮೇಲೆ ಗುರುತುದೀಪ, ಕೆಳಗೆ ಹೆಡ್‌ಲೈಟು ಎಂಬ ಜೋಡಣೆ 2010ರ ನಿಸ್ಸಾನ್ ಜೂಕ್‌ನಲ್ಲೇ ಇತ್ತು. 2019ರಲ್ಲಿ ಭಾರತಕ್ಕೆ ಬಂದ ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಮತ್ತು 2023ರ ಹೊಸ ರೂಪದ ಟಾಟಾ ನೆಕ್ಸಾನ್ ಇವಿ ಅದನ್ನು ನಮ್ಮ ರಸ್ತೆಗಳಲ್ಲಿ ರೂಢಿ ಮಾಡಿದವು. ಮುಂಭಾಗದಲ್ಲಿ ದೊಡ್ಡ ಜಾಲರಿಯ ಅಗತ್ಯವಿಲ್ಲದ್ದರಿಂದ ಎಲೆಕ್ಟ್ರಿಕ್ ಕಾರಿನ ವಿನ್ಯಾಸಕನಿಗೆ ಮೂತಿ ಖಾಲಿ ಸಿಗುತ್ತದೆ. ಆ ಖಾಲಿ ಜಾಗವನ್ನು ಅಲಂಕಾರಕ್ಕೆ ಬಳಸಿದ್ದೇ ಇಲ್ಲಿನ ತಪ್ಪು.

ತಪ್ಪೇನೆಂದು ಲೆಕ್ಕ ಹಾಕಿಯೇ ನೋಡೋಣ. ಎದುರಿನವರ ಕಣ್ಣು ಕುಕ್ಕದಿರಲೆಂದು ಲೋ ಬೀಮ್ ಬೆಳಕಿನ ಮೇಲಂಚನ್ನು ಸ್ವಲ್ಪ ಕೆಳಮುಖವಾಗಿ ಕೂರಿಸುತ್ತಾರೆ. ಸಾಮಾನ್ಯವಾಗಿ ಈ ಇಳಿಜಾರು ಶೇಕಡ 1ರಿಂದ 1.5. ಅಂದರೆ ನೂರು ಮೀಟರಿಗೆ ಒಂದರಿಂದ ಒಂದೂವರೆ ಮೀಟರು ಇಳಿತ. ದೀಪ ನೆಲದಿಂದ 85 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಶೇಕಡ 1ರ ಇಳಿಜಾರಿನಲ್ಲಿ ಆ ಅಂಚು 85 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅದೇ ದೀಪವನ್ನು 65 ಸೆಂಟಿಮೀಟರಿಗೆ ಇಳಿಸಿದರೆ 65 ಮೀಟರಿಗೇ ಮುಗಿಯಿತು. ಇಳಿಜಾರು ಒಂದೂವರೆಯಾದರೆ 43 ಮೀಟರ್. ಇನ್ನು ಕಾರಿನ ಕಡೆಗೆ ಬನ್ನಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಕಂಡದ್ದು ಮನಸ್ಸಿಗೆ ಬಂದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಅಲ್ಲೇ ಹೋಯಿತು. ಒಣ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಹಾಕಿದರೂ ನಿಲ್ಲಲು ಮತ್ತೆ ಸುಮಾರು 36 ಮೀಟರ್ ಬೇಕು. ಒಟ್ಟು 70 ಮೀಟರಿನ ಆಸುಪಾಸು. ಇಪ್ಪತ್ತು ಸೆಂಟಿಮೀಟರ್ ಕೆಳಗಿಳಿಸಿದ ದೀಪ, ನಿಲ್ಲಬಹುದಾದ ಕಾರನ್ನು ನಿಲ್ಲಲಾಗದ ಕಾರಾಗಿ ಮಾಡುತ್ತದೆ.

ನಷ್ಟ ದೂರದ್ದಷ್ಟೇ ಅಲ್ಲ. ತಗ್ಗಿನಿಂದ ಹೊರಡುವ ಬೆಳಕು ನೆಲವನ್ನು ಸವರಿಕೊಂಡು ಹೋಗುತ್ತದೆ. ಚಿಕ್ಕ ಉಬ್ಬಿನ ಹಿಂದೆಯೂ ಉದ್ದ ನೆರಳು ಬೀಳುತ್ತದೆ. ತೇಪೆ ಯಾವುದು, ಆಳದ ಗುಂಡಿ ಯಾವುದು ಎಂದು ಚಾಲಕನಿಗೆ ತಿಳಿಯುವುದಿಲ್ಲ. ಬಣ್ಣ ಬಳಿಯದ ಹಂಪ್, ಹಿಂದೀಪವಿಲ್ಲದೆ ಕಬ್ಬು ತುಂಬಿ ನಿಂತ ಟ್ರ್ಯಾಕ್ಟರ್ ಟ್ರೇಲರ್ ಇರುವ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ. ಮಳೆಯಲ್ಲಂತೂ ನೆನೆದ ಡಾಂಬರು ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ. ಚಾಲಕನ ಕಣ್ಣಿಗೆ ಮರಳುವುದು ಅಲ್ಪ. ಶಿರಾಡಿ, ಆಗುಂಬೆಯ ತಿರುವುಗಳಲ್ಲಿ ಆ ಅಲ್ಪವನ್ನೇ ನಂಬಿ ಇಳಿಯಬೇಕು. ಬಂಪರಿನ ಮಟ್ಟದ ಗಾಜಿಗೆ ಕೆಸರು ಬೇಗ ಮೆತ್ತಿಕೊಳ್ಳುತ್ತದೆ. ಜೊತೆಗೆ ಒಳಗಿನ ದೊಡ್ಡ ಪರದೆಯ ಪ್ರಕಾಶ ಕಣ್ಣನ್ನು ಕತ್ತಲೆಗೆ ಹೊಂದಿಕೊಳ್ಳಲು ಬಿಡುವುದಿಲ್ಲ.

ಇದನ್ನು ಹೇಳಿದೊಡನೆ ಕೆಲವು ವಿಮರ್ಶಕರು ರೇಂಜಿನ ಮಾತು ತೆಗೆಯುತ್ತಾರೆ. ಬ್ಯಾಟರಿ ಉಳಿಯಬೇಕಾದರೆ ದೀಪ ಮಿತವಾಗಿರಬೇಕಂತೆ. ಈ ವಾದವನ್ನು ಪರೀಕ್ಷಿಸದೆ ಒಬ್ಬರಿಂದೊಬ್ಬರು ಎತ್ತಿಕೊಂಡಿದ್ದಾರೆ. ನೂರು ಕಿಲೋಮೀಟರಿಗೆ 15 ಯೂನಿಟ್ ಬಳಸುವ ಕಾರು ಗಂಟೆಗೆ 60ರ ವೇಗದಲ್ಲಿ 9,000 ವ್ಯಾಟ್ ಎಳೆಯುತ್ತಿರುತ್ತದೆ. ದೀಪಗಳಿಗೆ ಇನ್ನೂ 50 ವ್ಯಾಟ್ ಕೊಟ್ಟರೆ 300 ಕಿಲೋಮೀಟರಿನ ಓಟದಲ್ಲಿ ಕಡಿಮೆಯಾಗುವುದು ಎರಡು ಕಿಲೋಮೀಟರಿಗೂ ಕಮ್ಮಿ. ಎಸಿಯನ್ನು ಸ್ವಲ್ಪ ತಗ್ಗಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಇಲ್ಲಿ ಉಳಿತಾಯವಾಗುವುದು ತಯಾರಕರ ಹಣ. ಯುರೋಪಿನ ನಿಯಮ ಬಹುಕಾಲದಿಂದ 2,000 ಲ್ಯೂಮೆನ್ನಿನ ಗೆರೆ ಎಳೆದಿತ್ತು: ಲೋ ಬೀಮಿನ ಬೆಳಕಿನ ಮೂಲ ಅದನ್ನು ಮೀರಿದರೆ ತಾನಾಗಿ ಮಟ್ಟ ಸರಿಪಡಿಸಿಕೊಳ್ಳುವ ವ್ಯವಸ್ಥೆಯೂ ಗಾಜು ತೊಳೆಯುವ ವ್ಯವಸ್ಥೆಯೂ ಕಡ್ಡಾಯ. ಗೆರೆಯೊಳಗೇ ಉಳಿದರೆ ಎರಡರ ಖರ್ಚೂ ತಪ್ಪುತ್ತದೆ.

ಇನ್ನು ಕೆಲವರು, ದೀಪ ಕೆಳಗಿದ್ದರೆ ಎದುರಿನವರಿಗೆ ಹಿತ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಲೋ ಬೀಮ್ ಸಾಲದ ಚಾಲಕ ಮಾಡುವುದೇನು? ಹೈ ಬೀಮ್ ಹಾಕುತ್ತಾನೆ, ಇಳಿಸುವುದಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಡಿಮ್ ಮಾಡದೆ ನುಗ್ಗುವವರನ್ನು ಬೈಯುವ ವಿಮರ್ಶಕರು, ಆ ಚಟದ ಒಂದು ಬೇರು ತಾವೇ ಹೊಗಳಿದ ದೀಪದಲ್ಲಿದೆ ಎಂಬುದನ್ನು ಕಾಣಬೇಕು.

ಎಲ್‌ಇಡಿ ತಂತ್ರಜ್ಞಾನವನ್ನು ನಾನು ದೂರುತ್ತಿಲ್ಲ. ಅದು ಬಾಳಿಕೆ ಬರುತ್ತದೆ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಬೆಳಕು ಕೊಡುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2016ರಿಂದ ಹೆಡ್‌ಲೈಟುಗಳನ್ನು ಕತ್ತಲೆಯ ಟ್ರ್ಯಾಕಿನಲ್ಲಿ ಅಳೆದು ದರ್ಜೆ ಕೊಡುತ್ತಿದೆ. ಹೆಸರುವಾಸಿಯಾದ ಟೆಸ್ಲಾ ಮಾಡೆಲ್ ಎಸ್‌ನ ದೀಪಗಳಿಗೆ 2017ರಲ್ಲಿ ಸಿಕ್ಕಿದ್ದು ಕಳಪೆ ಎಂಬ ದರ್ಜೆ. 2019ರಲ್ಲಿ ಅದೇ ಕಂಪನಿಯ ಮಾಡೆಲ್ 3 ಉತ್ತಮ ದರ್ಜೆ ಪಡೆಯಿತು. ಅಳೆಯುವವರಿದ್ದರೆ ಸುಧಾರಣೆ ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ. ಉತ್ತಮ ದೀಪದ ಕಾರುಗಳು ರಾತ್ರಿ ಒಂಟಿಯಾಗಿ ಅಪಘಾತಕ್ಕೀಡಾಗುವ ಪ್ರಮಾಣ, ಕಳಪೆ ದೀಪದವಕ್ಕಿಂತ ಶೇಕಡ 19ರಷ್ಟು ಕಡಿಮೆ ಎಂದೂ ಆ ಸಂಸ್ಥೆ ಕಂಡುಕೊಂಡಿದೆ.

2023ರಲ್ಲಿ ಜಾರಿಗೆ ಬಂದ ನಮ್ಮ ಭಾರತ್ ಎನ್‌ಕ್ಯಾಪ್ ಡಿಕ್ಕಿಯಾದ ಮೇಲೆ ಒಳಗಿನವರು ಉಳಿಯುತ್ತಾರೆಯೇ ಎಂದು ಅಳೆದು ನಕ್ಷತ್ರ ಕೊಡುತ್ತದೆ. ಅಡ್ಡ ಬಂದದ್ದು ಎಷ್ಟು ದೂರದಿಂದ ಕಾಣುತ್ತದೆ ಎಂಬುದಕ್ಕೆ ಅದರಲ್ಲಿ ಅಂಕವಿಲ್ಲ. ಆ ಅಂಕ ಸೇರಬೇಕು. ಅಲ್ಲಿಯವರೆಗೆ ವಿಮರ್ಶಕರು ದೀಪವಿಲ್ಲದ ರಸ್ತೆಯಲ್ಲಿ ರಾತ್ರಿ ಓಡಿಸದೆ ಕಾರಿನ ಬಗ್ಗೆ ತೀರ್ಪು ಬರೆಯಬಾರದು. ಕೊಳ್ಳುವವರಿಗೂ ಒಂದು ಮಾತು: ಟೆಸ್ಟ್ ಡ್ರೈವನ್ನು ಸಂಜೆ ಏಳರ ಮೇಲೆ ಕೇಳಿ, ಊರ ಹೊರಗಿನ ದಾರಿಗೆ ಒಯ್ಯಿರಿ, ಲೋ ಬೀಮಿನಲ್ಲೇ ಓಡಿಸಿ. ಷೋರೂಮಿನವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.