ಘಾಟಕ್ಕೆ ಕೊಡಬೇಕಾದ ಎರಡು ತಾಸು

ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. ಇಚಲಕರಂಜಿಯ ಸೋದರಳಿಯ ಮೊನ್ನೆ ಕೇಳಿದ್ದೂ ಅದನ್ನೇ. "ಮಾಮಾ, ಹುಡುಗರಿಗೆ ಸೂಟಿ ಬಿಟ್ಟೈತಿ. ಸಮುದ್ರ ತೋರಿಸಿಕೊಂಡು ಬರಬೇಕಂತೀವಿ. ಯಾವ ಘಾಟ ಇಳೀಲಿ?"

"ಮನಿ ಬಿಡೂದು ಎಷ್ಟಕ್ಕ?"

"ನಾಷ್ಟಾ ಮಾಡಿ, ಒಂಬತ್ತಕ್ಕ."

ಒಂಬತ್ತಕ್ಕೆ ಹೊರಟವನು ಯಾವ ಘಾಟ ಇಳಿದರೂ ಅಷ್ಟೇ. ಬಿಸಿಲು ನೆತ್ತಿಗೆ ಬರುವಾಗ ಘಾಟದ ತಿರುವಿನಲ್ಲಿ ಇರುತ್ತಾನೆ, ಒಂದು ಗಂಟೆಗೆ ಕೊಂಕಣದ ಕುದಿಯಲ್ಲಿ ಬೀಳುತ್ತಾನೆ. ಮೇ ತಿಂಗಳ ಮಧ್ಯಾಹ್ನ ಕೊಲ್ಹಾಪುರದಲ್ಲಿ ಪಾರಾ 38ರ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ 40 ಮುಟ್ಟುತ್ತದೆ. ಕರಾವಳಿಯಲ್ಲಿ 33-34 ಇದ್ದೀತು. ಅಂಕಿ ನೋಡಿ ಜನ ಕರಾವಳಿಯೇ ತಂಪೆಂದು ತಿಳಿಯುತ್ತಾರೆ. ನಮ್ಮ ಕಡೆಯದು ಝಳ. ಒಣಗಾಳಿ ಬೆವರನ್ನು ಹೀರಿಕೊಂಡು ಹೋಗುತ್ತದೆ, ಬೇವಿನ ನೆರಳಿಗೆ ಸರಿದರೆ ಮೈ ಆರುತ್ತದೆ. ಅಲ್ಲಿಯದು ಕುದಿ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ನೆರಳಿನಲ್ಲಿ ಕೂತರೂ ಅಂಗಿ ಬೆನ್ನಿಗೆ ಅಂಟಿಯೇ ಇರುತ್ತದೆ. ಝಳದಿಂದ ಕುದಿಗೆ ನಡುಮಧ್ಯಾಹ್ನ ಇಳಿದ ಮಕ್ಕಳು ಸಮುದ್ರ ನೋಡುವ ಮೊದಲೇ ಸೋತಿರುತ್ತಾರೆ.

ಹಾಗಾಗಿ ನನ್ನ ಲೆಕ್ಕ ಕಿಲೋಮೀಟರಿನಿಂದ ಶುರುವಾಗುವುದಿಲ್ಲ. ಬೆಳಗಿನ ಐದೂವರೆಯಿಂದ ಏಳೂವರೆ, ಈ ಎರಡು ತಾಸನ್ನು ಘಾಟಕ್ಕೆ ಎತ್ತಿಡಬೇಕು. ಹೋಗುವಾಗಲೂ, ಬರುವಾಗಲೂ. ಮಲಗುವ ಊರು, ಉಣ್ಣುವ ಹೊತ್ತು, ಎಲ್ಲವನ್ನೂ ಆ ಎರಡು ತಾಸಿನ ಸುತ್ತ ಹೊಂದಿಸಿಕೊಳ್ಳಬೇಕು. ನಮ್ಮ ಹಿರಿಯರು ಬೇಸಿಗೆಯಲ್ಲಿ ಗಾಡಿ ಹೂಡುತ್ತಿದ್ದದ್ದು ರಾತ್ರಿ, ಎತ್ತಿಗೆ ಬಿಸಿಲು ತಾಗಬಾರದೆಂದು. ಎಂಜಿನ್ನಿಗೂ ಟಾಯರಿಗೂ ಆ ಮಾತು ಅಷ್ಟೇ ನಿಜ.

ಇನ್ನು ಯಾವ ಘಾಟ? ಕೊಲ್ಹಾಪುರ ಜಿಲ್ಲೆಯಿಂದ ಕೊಂಕಣಕ್ಕೆ ಬಾಗಿಲು ಹಲವು. ಮಲಕಾಪುರದ ಮೇಲೆ ಆಂಬಾ ಘಾಟ ಇಳಿದರೆ ರತ್ನಾಗಿರಿ. ಅದು ಹೆದ್ದಾರಿ, ದೊಡ್ಡ ಲಾರಿಗಳ ದಾರಿ. ಚೈತ್ರ ಹುಣ್ಣಿಮೆಗೆ ಜೋತಿಬಾ ಜಾತ್ರೆ ಇರುವ ದಿನಗಳಲ್ಲಿ ಕೊಲ್ಹಾಪುರ ಬಿಡುವುದೇ ಕಷ್ಟ, ಪಂಚಾಂಗ ನೋಡದೆ ಆ ಕಡೆ ಹೊರಡಬೇಡಿ. ಗಗನಬಾವಡಾದಲ್ಲಿ ದಾರಿ ಎರಡಾಗುತ್ತದೆ, ಒಂದು ಕರೂಳ ಘಾಟ, ಇನ್ನೊಂದು ಭುಯಿಬಾವಡಾ ಘಾಟ. ಎರಡೂ ಕಡಿದು, ನುರಿತ ಕೈ ಬೇಕು. ರಾಧಾನಗರಿ, ದಾಜಿಪುರ ದಾಟಿ ಫೋಂಡಾ ಘಾಟ ಇಳಿಯುವ ದಾರಿ ಕಾಡುಕೋಣದ ಅಭಯಾರಣ್ಯದೊಳಗೆ ಹೋಗುತ್ತದೆ. ಶಾಹೂ ಮಹಾರಾಜರು ಭೋಗಾವತಿಗೆ ಕಟ್ಟಿಸಲು ತೊಡಗಿದ ಅಣೆಕಟ್ಟೂ ಅದೇ ದಾರಿಯಲ್ಲಿದೆ. ನಸುಕಿನಲ್ಲಿ ಅಲ್ಲಿ ಕೋಣಗಳು ರಸ್ತೆಗೇ ಬಂದು ನಿಲ್ಲುವುದರಿಂದ ಬೆಳಕು ಮೂಡಿದ ಮೇಲೆಯೇ ಆ ಕಾಡು ಹೊಗಬೇಕು. ನನ್ನ ಬೆಳಗಿನ ಲೆಕ್ಕಕ್ಕೆ ಅದು ಕೂಡಿಬರುವುದಿಲ್ಲ.

ನಾನು ಹೇಳುವುದು ಅಂಬೋಲಿ. ಅದಕ್ಕೆ ಬಾಗಿಲು ಗಡಹಿಂಗ್ಲಜ.

ಹಿಂದಿನ ದಿನ ಸಂಜೆ ಬಿಸಿಲು ಇಳಿದ ಮೇಲೆ ಕೊಲ್ಹಾಪುರ ಬಿಟ್ಟರೆ ಕಾಗಲ್, ನಿಪ್ಪಾಣಿ, ಸಂಕೇಶ್ವರದ ಮೇಲೆ ಗಡಹಿಂಗ್ಲಜ ರಾತ್ರಿ ಊಟದ ಹೊತ್ತಿಗೆ ಸಿಗುತ್ತದೆ. ಈ ಹಾದಿಯಲ್ಲಿ ರಾಜ್ಯದ ಗಡಿ ಎರಡು ಸಲ ದಾಟುತ್ತೀರಿ. ಕೋಗನೊಳ್ಳಿಯಲ್ಲಿ ಕರ್ನಾಟಕ ಹೊಕ್ಕು, ಸಂಕೇಶ್ವರ ಬಿಟ್ಟ ಮೇಲೆ ಮತ್ತೆ ಮಹಾರಾಷ್ಟ್ರ. ರಸ್ತೆಯ ಬೋರ್ಡುಗಳು ಎರಡು ಸಲ ಭಾಷೆ ಬದಲಿಸುತ್ತವೆ. ಚಹಾದ ಅಂಗಡಿಯವನು ಬದಲಿಸುವುದಿಲ್ಲ, ನೀವು ಯಾವ ಮಾತಿನಲ್ಲಿ ಕೇಳಿದರೂ ಅದರಲ್ಲೇ ಉತ್ತರ ಕೊಡುತ್ತಾನೆ. ಗಡಹಿಂಗ್ಲಜದ ಪೂರ್ವದ ಹಳ್ಳಿಗಳಲ್ಲಿ ಮನೆಮಾತೇ ಕನ್ನಡ.

ರಾತ್ರಿ ಅಲ್ಲಿ ಮಲಗಿ ನಾಲ್ಕೂವರೆಗೆ ಗಾಡಿ ಹೊರಗೆ ತೆಗೆಯಿರಿ. ಅಂಬೋಲಿ ಅಲ್ಲಿಂದ ಸುಮಾರು 60 ಕಿ.ಮೀ. ಈ ದಾರಿಯ ಸೊಗಸು ಏನೆಂದರೆ ಹಿರಣ್ಯಕೇಶಿ ಹೊಳೆ ಉದ್ದಕ್ಕೂ ಜೊತೆಗಿರುತ್ತದೆ. ಅಂಬೋಲಿಯಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ, ಸಂಕೇಶ್ವರ ಹಾಯ್ದು ಘಟಪ್ರಭೆಗೆ ಸೇರುವ ಹೊಳೆ ಅದು. ನೀವು ಅದರ ವಿರುದ್ಧ ದಿಕ್ಕಿನಲ್ಲಿ, ಬಾಯಿಯಿಂದ ಬುಡದ ಕಡೆಗೆ ಹೋಗುತ್ತೀರಿ. ಮೇ ತಿಂಗಳಲ್ಲೂ ಹೊಳೆಯಲ್ಲಿ ಅಲ್ಲಲ್ಲಿ ನೀರು ನಿಂತಿರುವುದು ಬಾಂದಾರಗಳಿಂದ. ಸಾಲು ಕಂಬ ಕಟ್ಟಿ, ಮಳೆಗಾಲ ಮುಗಿದ ಮೇಲೆ ನಡುವೆ ಹಲಗೆ ಇಳಿಸಿ ನೀರು ತಡೆಯುವ ಈ ಕಟ್ಟೋಣಕ್ಕೆ ನೀರಾವರಿಯವರ ಪುಸ್ತಕದಲ್ಲೂ 'ಕೊಲ್ಹಾಪುರ ಮಾದರಿ' ಎಂದೇ ಹೆಸರು. ನಸುಬೆಳಕಿನಲ್ಲಿ ಬಾಂದಾರದ ಹಿಂದೆ ನೀರು ಹಿತ್ತಾಳೆಯ ತಟ್ಟೆಯಂತೆ ಮಲಗಿರುತ್ತದೆ. ಈಚೆ ಕಡೆ ಹಲಗೆಯ ಸಂದಿಯಿಂದ ಬೆರಳು ದಪ್ಪದ ಧಾರೆಗಳು ಚಿಮ್ಮುತ್ತಿರುತ್ತವೆ. ಕಾರಿನ ಕಾಜು ಇಳಿಸಿದರೆ ಆ ಸಪ್ಪಳ ಕೇಳುತ್ತದೆ.

ಆಜರಾ ದಾಟಿದ ಮೇಲೆ ಗಾಳಿ ಬದಲಾಗುವುದನ್ನು ಗಮನಿಸಿ. ಕಬ್ಬು ಕಡಿಮೆಯಾಗಿ ಗೇರು ಬರುತ್ತದೆ, ಕರಿಮಣ್ಣು ಕೆಂಪಾಗುತ್ತದೆ. ಅಂಬೋಲಿಯ ಎತ್ತರ 690 ಮೀಟರಿನ ಆಸುಪಾಸು. ಗಡಹಿಂಗ್ಲಜವೂ 600 ಮೀಟರಿಗಿಂತ ಮೇಲೆಯೇ ಇದೆ. ಅಂದರೆ ಅಂಬೋಲಿಯ ತಂಪು ಬರೀ ಎತ್ತರದಿಂದ ಬಂದದ್ದಲ್ಲ. ಕಾಡಿನಿಂದ, ಘಟ್ಟದ ಅಂಚಿಗೆ ಬಂದು ತಾಗುವ ಕಡಲಗಾಳಿಯಿಂದ ಬಂದದ್ದು. ಮಳೆಯ ಲೆಕ್ಕವೂ ಹಾಗೆಯೇ. ಅಂಬೋಲಿಯಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಬಿದ್ದರೆ, 60 ಕಿ.ಮೀ. ಈಚೆಗಿನ ಗಡಹಿಂಗ್ಲಜಕ್ಕೆ ಅದರ ಕಾಲುಭಾಗವೂ ಇಲ್ಲ.

ಅಂಬೋಲಿಯಲ್ಲಿ ಅರ್ಧ ತಾಸು ನಿಲ್ಲಿ. ಊರ ಹತ್ತಿರದ ಹಿರಣ್ಯಕೇಶಿ ಗುಡಿಯಲ್ಲಿ ಬಂಡೆಯ ಗವಿಯೊಳಗಿಂದ ನೀರು ಬಂದು ಕೊಳಕ್ಕೆ ಬೀಳುತ್ತದೆ. ದಾರಿಯುದ್ದಕ್ಕೂ ಜೊತೆಗಿದ್ದ ಹೊಳೆಯ ಮೊದಲ ಬೊಗಸೆ ಇದೇ. ಕೊಳದಲ್ಲಿ ಬೆರಳಿಗಿಂತ ಸಣ್ಣ ಮೀನುಗಳು ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ನಿಂತಿರುತ್ತವೆ. 2020ರಲ್ಲಿ ವಿಜ್ಞಾನಿಗಳು ಇಲ್ಲಿಯ ಮೀನೊಂದನ್ನು ಹೊಸ ಜಾತಿಯೆಂದು ಗುರುತಿಸಿ ಅದಕ್ಕೆ ಹೊಳೆಯ ಹೆಸರನ್ನೇ ಇಟ್ಟರು, 'ಶಿಸ್ಟೂರಾ ಹಿರಣ್ಯಕೇಶಿ'. ಮರುವರ್ಷ ಮಹಾರಾಷ್ಟ್ರ ಸರ್ಕಾರ ಈ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಮಕ್ಕಳಿಗೆ ತೋರಿಸಿ, ಕೊಳದಲ್ಲಿ ಕೈ ಆಡಿಸಲು ಬಿಡಬೇಡಿ, ಚುರಮುರಿ ಚೆಲ್ಲಲು ಮೊದಲೇ ಬಿಡಬೇಡಿ. ಅರಬ್ಬೀ ಸಮುದ್ರ ಇಷ್ಟು ಹತ್ತಿರವಿದ್ದೂ ಈ ನೀರು ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗುತ್ತದೆ, ಘಟಪ್ರಭೆ ಕೃಷ್ಣೆಯರ ಕೈಹಿಡಿದು ಬಂಗಾಳದ ಕಡಲಿಗೆ. ನೀವು ಪಶ್ಚಿಮಕ್ಕೆ ಇಳಿಯುತ್ತೀರಿ.

ಈ ಇಳಿಜಾರು ಹಳೆಯ ದಾರಿ. ಬ್ರಿಟಿಷರ ಕಾಲದಲ್ಲಿ ಬೆಳಗಾವಿಯ ದಂಡಿಗೆ ಬೇಕಾದ ಸಾಮಾನು ವೆಂಗುರ್ಲಾ ಬಂದರಿನಲ್ಲಿ ಇಳಿದು ಇದೇ ಘಟ್ಟ ಏರಿ ಬರುತ್ತಿತ್ತು, ಅಂಬೋಲಿ ನಡುವಿನ ತಂಗುದಾಣವಾಗಿತ್ತು.

ಇಳಿಯುವುದನ್ನು ನನಗೆ ಕಲಿಸಿದವರು ಗಡಹಿಂಗ್ಲಜದ ಒಬ್ಬ ಮುದುಕ ಮೇಸ್ತ್ರಿ. ಹದಿನೈದು ವರ್ಷದ ಹಿಂದಿನ ಮಾತು. ಮೇ ತಿಂಗಳ ಮಧ್ಯಾಹ್ನ, ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು. ನಾಲ್ಕನೇ ಗೇರಿನಲ್ಲೇ ಇಳಿಯುತ್ತ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದೆ. ಅರ್ಧ ಘಾಟದಲ್ಲಿ ಸುಟ್ಟ ವಾಸನೆ ಬಂತು. ಇನ್ನೆರಡು ತಿರುವಿನಲ್ಲಿ ಬ್ರೇಕ್ ಮೆತ್ತಗಾಗಿ ಪೆಡಲ್ ತಳ ಮುಟ್ಟತೊಡಗಿತು. ಗುಡ್ಡದ ಕಡೆಯ ಮಣ್ಣಿನ ದಿಬ್ಬಕ್ಕೆ ಗಾಡಿ ಒರಗಿಸಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಅವ್ವ ಮೊಮ್ಮಗಳನ್ನು ತಬ್ಬಿಕೊಂಡು ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಆ ಮೌನ ಇವತ್ತಿಗೂ ನನಗೆ ಘಾಟ ಕಂಡೊಡನೆ ನೆನಪಾಗುತ್ತದೆ.

ವಾಪಸು ಬಂದಾಗ ಮೇಸ್ತ್ರಿ ಚಕ್ರ ಬಿಚ್ಚಿ ನೀಲಿಗಟ್ಟಿದ ಡಿಸ್ಕ್ ತೋರಿಸಿದರು. "ನೋಡ್ರಿ ಅಣ್ಣಾರ, ಕಬ್ಬಿಣ ಬಣ್ಣಾ ಬಿಟ್ಟೈತಿ. ಯಾವ ಗೇರಿನ್ಯಾಗ ಹತ್ತತೀರಿ, ಅದ ಗೇರಿನ್ಯಾಗ ಇಳೀರಿ. ಗಾಡಿನ್ನ ಎಂಜಿನ್ ಹಿಡಿಲಿ, ಬ್ರೇಕ್ ಬರೀ ತಿರುವಿಗೆ." ಇದಕ್ಕಿಂತ ಒಳ್ಳೆಯ ಪಾಠ ನಾನು ಎಲ್ಲೂ ಓದಿಲ್ಲ. ಎರಡನೇ ಗೇರು ಹಾಕಿ, ಎಂಜಿನ್ ಗುಂಯ್‌ಗುಡಲಿ, ಅದಕ್ಕೆ ಏನೂ ಆಗುವುದಿಲ್ಲ. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಬೇಕು, ಒತ್ತಿ ಹಿಡಿದುಕೊಂಡು ಹೋಗಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಆಯಿಲ್ ಬೇಗ ಕುದಿಯುತ್ತದೆ, ಕುದ್ದಾಗ ಪೆಡಲ್ ತಳ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರನ್ನು ಕೈಯಿಂದ ಕೆಳಗಿಳಿಸುವ ವ್ಯವಸ್ಥೆ ಇರುತ್ತದೆ, ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ಎಲೆಕ್ಟ್ರಿಕ್ ಗಾಡಿಯವರು ಘಾಟದ ತಲೆಯಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಳ್ಳಬೇಡಿ. ಇಳಿಯುವಾಗ ಮೋಟಾರು ಮರಳಿ ಕೊಡುವ ವಿದ್ಯುತ್ತಿಗೆ ಜಾಗವಿಲ್ಲದಿದ್ದರೆ ಗಾಡಿ ಹಿಡಿಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಟಾಯರಿನ ಗಾಳಿಯನ್ನು ಹೊರಡುವ ಮೊದಲು, ಚಕ್ರ ತಣ್ಣಗಿರುವಾಗಲೇ ನೋಡಿ. ಐದಾರು ಡಿಗ್ರಿ ಕಾವು ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಪಂಪಿನಲ್ಲಿ ಅಳೆಸಿ, ಹೆಚ್ಚಾಯಿತೆಂದು ಗಾಳಿ ಬಿಟ್ಟವರ ಟಾಯರು ಮರುದಿನ ಬೆಳಿಗ್ಗೆ ಕೂತಿರುತ್ತದೆ.

ಸಾವಂತವಾಡಿ ಅಂಬೋಲಿಯಿಂದ ಸುಮಾರು 30 ಕಿ.ಮೀ. ಏಳೂವರೆ ಎಂಟಕ್ಕೆ ಅಲ್ಲಿ ನಾಷ್ಟಾ, ಒಂಬತ್ತಕ್ಕೆ ವೆಂಗುರ್ಲಾದ ಕಡಲು. ಹತ್ತರೊಳಗೆ ನೀರಿನಿಂದ ಎದ್ದು ನೆರಳಿಗೆ ಬನ್ನಿ. ಮೀನೂಟ, ಸೋಲ್‌ಕಡಿ, ನಿದ್ದೆ. ಸಂಜೆ ಐದಕ್ಕೆ ಮತ್ತೆ ಕಡಲು. ಎರಡನೆಯ ದಿನವೂ ಹೀಗೇ ಇರಲಿ, ಮಾಲವಣಕ್ಕೆ ಹೋಗಿ ಸಿಂಧುದುರ್ಗ ನೋಡುವುದಿದ್ದರೆ ಬೆಳಗಿನ ದೋಣಿಗೇ ಹೋಗಿ. ಕರಾವಳಿಯ ಬಗ್ಗೆ ಬೇರೆ ವಾರ ಬರೆದಿದ್ದೇನೆ. ಇಲ್ಲಿ ಹೇಳಬೇಕಾದದ್ದು ಹಾಪೂಸಿನ ಪೆಟ್ಟಿಗೆಯ ಮಾತೊಂದೇ. ಬಲಿತ ಕಾಯಿ ಕೊಳ್ಳಿ, ಹಣ್ಣಲ್ಲ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ ಒಲೆಯಂತೆ ಕಾಯುತ್ತದೆ, ಹಣ್ಣು ಮನೆ ಮುಟ್ಟುವುದರೊಳಗೆ ಕೊಳೆಯುತ್ತದೆ. ಪೆಟ್ಟಿಗೆ ಸೀಟಿನ ಕೆಳಗೆ, ಹುಲ್ಲಿನ ಸಮೇತ ಬರಲಿ.

ಮೂರನೆಯ ದಿನ ನಾಲ್ಕೂವರೆಗೆ ಕರಾವಳಿ ಬಿಡಿ. ಏರುವ ಗಾಡಿಗೆ ಬೆಳಗಿನ ತಂಪು ಇನ್ನೂ ಹೆಚ್ಚು ಬೇಕು. ಕಾವಿನ ಮುಳ್ಳು ಏರುತ್ತಿದ್ದರೆ ಏಸಿ ಬಂದ್ ಮಾಡಿ, ನೆರಳು ನೋಡಿ ನಿಲ್ಲಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬೇಡಿ, ಬುಸ್ಸೆಂದು ಹಾರುವ ನೀರು ಮುಖ ಸುಡುತ್ತದೆ. ಅಂಬೋಲಿಯಲ್ಲಿ ಚಹಾ ಕುಡಿದು ಆಜರಾದಲ್ಲಿ ಘನಸಾಳ ಅಕ್ಕಿ ಕಟ್ಟಿಸಿಕೊಳ್ಳಿ. ಸಣ್ಣ ಕಾಳು, ಅನ್ನ ಬೆಂದರೆ ಪಕ್ಕದ ಮನೆಗೆ ಗೊತ್ತಾಗುವ ಪರಿಮಳ, ಜಿಐ ಮಾನ್ಯತೆಯೂ ಇದೆ. ಹತ್ತು ಗಂಟೆಯೊಳಗೆ ಗಡಹಿಂಗ್ಲಜದಲ್ಲಿ ಇರುತ್ತೀರಿ.

ಇಡೀ ಮಧ್ಯಾಹ್ನ ಅಲ್ಲೇ ಕಳೆಯಿರಿ. ಈ ಹಂಗಾಮಿನಲ್ಲಿ ಊರೆಲ್ಲ ಖಾರ ಕುಟ್ಟಿಸುವ ಕೆಲಸ. ಸಂಕೇಶ್ವರಿ ಮೆಣಸಿನಕಾಯಿಗೆ ಇಲ್ಲಿಯ ಪೇಟೆ ಹೆಸರುವಾಸಿ. ಬಿಸಿಲಿಗೆ ಗಲಗಲ ಒಣಗಿದ ಕಾಯಿ ತುಂಬಿದ ಚೀಲ ಹೊತ್ತು ಹೆಣ್ಣುಮಕ್ಕಳು ಕುಟ್ಟುವ ಮಷಿನ್ನಿನ ಮುಂದೆ ಪಾಳಿ ಹಚ್ಚಿರುತ್ತಾರೆ. ಮೂಗಿಗೆ ಸೆರಗು ಕಟ್ಟಿಕೊಂಡವರೂ ಸೀನುತ್ತಲೇ ಮಾತಾಡುತ್ತಿರುತ್ತಾರೆ. ಒಂದು ಕಿಲೋ ಕೊಂಡರೆ ವರ್ಷದ ಊಟಕ್ಕೆ ಆ ಬೀದಿಯ ನೆನಪು ಇರುತ್ತದೆ. ರೊಟ್ಟಿ, ಝುಣಕ, ಮಜ್ಜಿಗೆ ಉಂಡು ಮಲಗಿ. ತಾಂಬಡಾ ರಸ್ಸಾ ಕೊಲ್ಹಾಪುರದ ರಾತ್ರಿಯ ಊಟ, ಮೇ ತಿಂಗಳ ಮಧ್ಯಾಹ್ನ ಅದನ್ನು ಉಂಡು ಸ್ಟೇರಿಂಗ್ ಹಿಡಿಯಬಾರದು.

ನಾಲ್ಕರ ಮೇಲೆ ಪೂರ್ವದ ಆಕಾಶ ನೋಡಿ. ಮೋಡ ಕೋಸಿನ ಗಡ್ಡೆಯಂತೆ ಉಬ್ಬುತ್ತಿದ್ದರೆ ಅಡ್ಡಮಳೆ ಬರುತ್ತದೆ. ಗಾಳಿಗೆ ಕೊಂಬೆ ಮುರಿದು ರಸ್ತೆಗೆ ಬೀಳುತ್ತದೆ, ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು ಮೊದಲ ಹನಿಗೆ ಲೋಳೆಯಾಗಿ ಚಕ್ರ ಜಾರುತ್ತದೆ. ಮಳೆ ಬಂದು ಹೋದ ಮೇಲೆ ಅರ್ಧ ತಾಸು ಬಿಟ್ಟು ಹೊರಡಿ. ಸಂಜೆ ಘಾಟ ಏರುವವರು ಈ ಮಳೆಗೇ ಸಿಕ್ಕಿಬೀಳುವುದು.

ಅಳಿಯನಿಗೆ ಇಷ್ಟನ್ನೂ ಹೇಳಿ ಕೊನೆಗೆ ಇನ್ನೊಂದು ಸೇರಿಸಿದೆ. ಮನೆ ಮುಟ್ಟಿದ ಮರುದಿನ ಸಂಜೆ, ಮಗ್ಗದ ಸದ್ದಿನಿಂದ ಹೊರಗೆ ಬಂದು ಒಂದು ತಾಸಿನ ದಾರಿಯ ಖಿದ್ರಾಪುರಕ್ಕೆ ಹೋಗಿ ಬಾ. ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯ ಸ್ವರ್ಗಮಂಟಪಕ್ಕೆ ನಡುವೆ ಚಾವಣಿ ಇಲ್ಲ, ದುಂಡಗೆ ಆಕಾಶ ಕಾಣುತ್ತದೆ. ಹಗಲೆಲ್ಲ ಕಾದ ಹಾಸುಗಲ್ಲು ಆರು ಗಂಟೆಗೆ ಬರಿಗಾಲಿಗೆ ಹಿತವಾಗುವಷ್ಟೇ ಬೆಚ್ಚಗಿರುತ್ತದೆ. ಶಿವನ ಮುಂದೆ ನಂದಿ ಇಲ್ಲ, ಅದು ಹೊಳೆಯಾಚೆ ಯಡೂರಿನಲ್ಲಿದೆ ಎನ್ನುತ್ತಾರೆ ಜನ. ಹುಡುಗರಿಗೆ ಅದನ್ನು ಹೇಳು, ಮುಂದಿನ ಸೂಟಿಗೆ ಯಡೂರ ಅಂತ ಅವರೇ ಕೇಳುತ್ತಾರೆ.

"ಆಗಲಿ ಮಾಮಾ. ಮೇ ಇಪ್ಪತ್ತರ ಮ್ಯಾಲ ಹೋದರ ನಡೀತದೇನು?"

ಹೋಗುವುದಾದರೆ ಬಾಂದಾರ ನೋಡಿಕೊಂಡು ಹೋಗು ಅಂದೆ. ಜನ ನೀರಿಗಿಳಿದು ಹಲಗೆ ಕೀಳುತ್ತಿದ್ದರೆ, ಕಿತ್ತವನ್ನು ದಂಡೆಯ ಮೇಲೆ ಒಟ್ಟುತ್ತಿದ್ದರೆ, ಮುಂಗಾರು ದೂರವಿಲ್ಲ. ಆಗ ಗಡಹಿಂಗ್ಲಜದಲ್ಲೇ ಒಂದು ರಾತ್ರಿ ಉಳಿದು ತಿರುಗಿ ಬಾ.